ಹಳದಿ ಚೀಟಿಯ ಪುಸ್ತಕಗಳು

ಜುಲೈ ೯, ಬುಧವಾರ

ಗ್ರಂಥಾಲಯದಲ್ಲಿ ದಿನವಿಡೀ ಮಕ್ಕಳಿಗೆ ‘ಇದನ್ನು ಓದಿ, ಅದನ್ನು ಓದಿ’ ಎಂದು ಹೇಳಿ ಹೇಳಿ ಕಾಲಿಗಿಂತ ಹೆಚ್ಚು ಬಾಯಿ ಸೋತಿದೆ. ಹದಿಹರೆಯದವರ ಕಪಾಟಿಗೆ ಬಂದ ಹೊಸ ಕಾದಂಬರಿ, ಚಿತ್ರಕಾದಂಬರಿಗಳನ್ನೆಲ್ಲ ಮನೆಗೆ ತಂದು ನಿದ್ದೆಗೆಟ್ಟು ಓದಿದ್ದೆ. ಹಿಡಿಸಿದವಕ್ಕೆ ‘ಗ್ರಂಥಪಾಲಕಿಯ ಮೆಚ್ಚುಗೆ’ ಎಂದು ಹಳದಿ ಚೀಟಿ ಅಂಟಿಸಿದ್ದೆ. ಚೀಟಿಯಿಲ್ಲದವು ಕೈಯಿಂದ ಕೈಗೆ ಹೋದವು. ಚೀಟಿಯಿದ್ದವು ಜಪ್ಪಯ್ಯ ಅಂದರೂ ಕದಲಲಿಲ್ಲ.

ತಡೆಯಲಾರದೆ ಇವತ್ತು, ದಿನಾ ಬರುವ ಕನ್ನಡಕದ ಹುಡುಗಿಯನ್ನು ಯಾಕೆಂದು ಕೇಳಿದೆ.

“ಬೇಜಾರು ಮಾಡ್ಕೋಬೇಡಿ ಮೇಡಂ. ಆ ಚೀಟಿ ಕಂಡ್ರೆ ಅಮ್ಮ ‘ಇಂಥದ್ದು ಓದು’ ಅಂತಾರೆ. ಆಮೇಲೆ ಅದು ಪಾಠದ ಪುಸ್ತಕ ಇದ್ದಂಗೆ.”

ಮೈಯೆಲ್ಲ ಉರಿಯಿತು. ಅವಳೆದುರೇ ಚೀಟಿಗಳನ್ನು ಪರಪರ ಕಿತ್ತೆ. ಅಂಟು ಇನ್ನೂ ಉಗುರಿನಲ್ಲಿದೆ. ಕೊನೆಗೆ ಕೈಗೆ ಬಂದದ್ದು ನನಗೆ ಎಲ್ಲಕ್ಕಿಂತ ಇಷ್ಟವಾದ ಚಿತ್ರಕಾದಂಬರಿ, ಅಣ್ಣನನ್ನು ಕಳೆದುಕೊಂಡ ತಂಗಿಯ ಕತೆ. ಅದನ್ನು ಮೇಜಿನ ಮೇಲೆ ಕುಕ್ಕಿ, “ಇದನ್ನಂತೂ ಮುಟ್ಟಲೇಬೇಡ, ಇದು ನಿನಗಲ್ಲ” ಅಂದುಬಿಟ್ಟೆ. ಮಗುವಿನ ಮೇಲೆ ಯಾಕೆ ರೇಗಿದೆನೋ.

ಬಾಗಿಲು ಹಾಕುವಾಗ ನೋಡಿದರೆ ಮೇಜಿನ ಮೇಲೆ ಪುಸ್ತಕವಿಲ್ಲ. ಯಾರೂ ಬರೆಸಿಕೊಂಡು ಒಯ್ದಿಲ್ಲ. ನಾಳೆ ಕೇಳಬೇಕು. ಕೇಳಲೇಬೇಕೆ?

ಈ ಹೊತ್ತಿಗೆ ಆ ಕನ್ನಡಕದ ಹುಡುಗಿ ಅಣ್ಣನ ಖಾಲಿ ಮಂಚದ ಪುಟಕ್ಕೆ ಬಂದಿರಬಹುದು. ಒಂದು ಮಾತೂ ಇಲ್ಲದ ಪುಟ. ಅಲ್ಲಿಗೆ ಬಂದಾಗ ನಾನೂ ಕನ್ನಡಕ ತೆಗೆದಿಟ್ಟು ಕಣ್ಣು ಒರೆಸಿಕೊಂಡಿದ್ದೆ.