ಐಸ್‌ಕ್ರೀಮ್ ಅಂಗಡಿಯ ಡೋಡೋ

ಜೂನ್ 3
ಎಂದಿನಂತೆ ಮ್ಯೂಸಿಯಮ್ಮಿನ ಬಾಗಿಲು ತೆರೆಯುವ ಮೊದಲೇ ಧೂಳು ಹೊಡೆದೆ. ಹುಲಿ, ಜಿಂಕೆ, ಕೊನೆಗೆ ಡೋಡೋ. ಬ್ರಷ್ ತಾಗಿದ್ದೇ ತಡ, ರೆಕ್ಕೆಯ ಬುಡದಿಂದ ಒಂದು ಹಿಡಿ ಗರಿ ಉದುರಿತು. ನುಸಿ, ಗರಿ ಉಣ್ಣೆ ತಿನ್ನುವ ಹುಳ. ಭೂಮಿಯಿಂದಲೇ ಮಾಯವಾಗಿ ಮುನ್ನೂರು ವರ್ಷ ಕಳೆದರೂ ಪಾಪದ ಹಕ್ಕಿಗೆ ಕಾಟ ತಪ್ಪಿಲ್ಲ. ನಿಜ ಹೇಳಬೇಕೆಂದರೆ ಇದು ಡೋಡೋವೂ ಅಲ್ಲ, ಪ್ಲಾಸ್ಟರ್ ಬೊಂಬೆಗೆ ಹೆಬ್ಬಾತಿನ ಗರಿ. ಒಂದೊಂದೇ ಗರಿ ಅಂಟಿಸಿದವಳು ನಾನು. ಹೆತ್ತ ಹೊಟ್ಟೆ ಉರಿಯಿತು.

ಕ್ಯುರೇಟರ್ ಸಾಹೇಬರು ಮೂಗು ಮುಚ್ಚಿಕೊಂಡೇ ನೋಡಿದರು.
"ಪಕ್ಕದ ಜಿಂಕೆಗೆ ಹತ್ತೋಕೆ ಮುಂಚೆ ಸುಟ್ಟುಹಾಕಿ."
"ಎರಡು ವಾರ ಹೆಪ್ಪುಗಟ್ಟೋ ಚಳೀಲಿಟ್ರೆ ನುಸಿ ಸಾಯುತ್ತೆ ಸಾರ್."
"ನಮ್ಮ ಫ್ರೀಜರಲ್ಲಿ ಗಿಳಿಗೇ ಜಾಗ ಇಲ್ಲ. ಇಪ್ಪತ್ತಕ್ಕೆ ಶಾಲೆ ಮಕ್ಕಳು ಬರ್ತಾರೆ. ಅಷ್ಟರಲ್ಲಿ ಆದ್ರೆ ಸರಿ. ಇಲ್ಲಾಂದ್ರೆ ಬೆಂಕಿ."

ಜೂನ್ 5
ನಾದಿನಿಯ ಐಸ್‌ಕ್ರೀಮ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೆಣ ಹಿಡಿಸುವಷ್ಟು ದೊಡ್ಡ ಫ್ರೀಜರ್, ಖಾಲಿ. ಡೋಡೋವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪು ಬಿಗಿದು, ಮಲಗಿಸಿದೆ.
"ಅತ್ತಿಗೆ, ಇದರ ವಂಶ ಹೇಗೆ ಮುಗೀತು?"
"ದ್ವೀಪದಲ್ಲಿತ್ತು. ಅಟ್ಟಿಸಿಕೊಂಡು ಬರೋರೇ ಇರ್ಲಿಲ್ಲ. ಹಾರೋದೂ ಮರೆತಿತ್ತು, ಹೆದರೋದೂ ಮರೆತಿತ್ತು. ಹಡಗಿನೋರು ಬಂದ್ರು — ಹತ್ತಿರ ಹೋಗಿ ನಿಂತ್ಕೊಂಡಿತು."
"ತಿಂದ್ರಾ?"
"ಸ್ವಲ್ಪ. ಕಾಡು ಕಡಿದ್ರು. ಹಡಗಲ್ಲಿ ಬಂದ ಇಲಿ, ಹಂದಿ ಸೇರಿ ನೆಲದ ಮೇಲಿದ್ದ ಮೊಟ್ಟೆನೂ ಉಳಿಸಲಿಲ್ಲ."
"ಥೇಟ್ ನಮ್ಮಣ್ಣ. ಯಾರು ಕರೆದ್ರೂ ಹತ್ತಿರ ಹೋಗಿ ನಿಲ್ಲೋ ಜಾತಿ."
ಅವಳಣ್ಣ ಎಂದರೆ ನನ್ನ ಗಂಡ. ಫ್ರೀಜರಿನ ಮುಚ್ಚಳ ಎಳೆದು ಹಾಕಿದೆ.

ಜೂನ್ 12
ಯಾಕೋ ಅನುಮಾನ. ಹೋಗಿ ನೋಡಿದರೆ ಫ್ರೀಜರಿನ ಚಳಿ ಅರ್ಧಕ್ಕರ್ಧ ಇಲ್ಲ. ನುಸಿಗೆ ಬೇಸಿಗೆ ರಜೆ.
"ಮುಚ್ಚಳ ತೆಗೆದೆಯಾ?"
"ಒಂದೇ ಸಲ ಅತ್ತಿಗೆ."
"ಒಂದೇ?"
"ಬಂದೋರಿಗೆಲ್ಲ ಒಂದೊಂದೇ ಸಲ. ಡೋಡೋ ನೋಡ್ಬೇಕು ಅಂದ್ರೆ ಇಲ್ಲ ಅನ್ನೋಕಾಗುತ್ತಾ? ಯಾರೂ ಕೇಳೋರಿಲ್ಲ ಅಂತ ನೀವೇ ಕೊರಗ್ತಿದ್ರಲ್ಲ."
ಹಿಂದೆ ಹಸಿವಿನವರು ಬಂದಿದ್ದರು. ಈಗ ಕುತೂಹಲದವರು.
ಎರಡು ವಾರ ಮತ್ತೆ ಮೊದಲಿನಿಂದ. ಇಪ್ಪತ್ತಾರರವರೆಗೆ ತೆಗೆಯುವಂತಿಲ್ಲ. ನಾದಿನಿ ಪಶ್ಚಾತ್ತಾಪಪಟ್ಟು ಮುಚ್ಚಳದ ಮೇಲೇ ಆಸೀನಳಾಗಿದ್ದಾಳೆ, ಉಣ್ಣೆ ಸ್ವೆಟರ್ ತೊಟ್ಟು. ಅದೂ ನನ್ನದೇ. ಇಷ್ಟು ದಿನ ಮ್ಯೂಸಿಯಮ್ಮಿನಲ್ಲಿ ಡೋಡೋ ಪಕ್ಕದ ಗೂಟದಲ್ಲಿ ತೂಗುತ್ತಿದ್ದದ್ದು, ನಾನೇ ತಂದುಕೊಟ್ಟೆ.

ಜೂನ್ 20
ಮಕ್ಕಳು ಬಂದರು. ಖಾಲಿ ಪೀಠ, ಮುಂದೆ ಹೆಸರಿನ ಕಾರ್ಡು ಮಾತ್ರ. ಸಾಹೇಬರ ಮುಖದಲ್ಲಿ ಬೆಂಕಿಪೊಟ್ಟಣ ಕಾಣುತ್ತಿತ್ತು. ಹುಲಿಯನ್ನು ದಾಟಿ ಬಂದ ಮಕ್ಕಳು ಪೀಠದ ಸುತ್ತ ಮುತ್ತಿಕೊಂಡವು.
"ಎಲ್ಲಿ ಹೋಯ್ತು?"
"ಎಲ್ಲಾನೂ ಹೋದ್ವಾ?"
"ಕೊನೇದಕ್ಕೆ ತಾನೇ ಕೊನೇದು ಅಂತ ಗೊತ್ತಿತ್ತಾ ಸಾರ್?"
ಸಾಹೇಬರು ಬಗ್ಗಿ ಕಾರ್ಡನ್ನೇ ಮತ್ತೊಮ್ಮೆ ಓದಿದರು. ಸಂಜೆ ನನ್ನ ಮೇಜಿಗೆ ಬಂದು,
"ಇಪ್ಪತ್ತೇಳಕ್ಕೆ ತನ್ನಿ. ಒಂದೇ ಒಂದು ಹುಳ ಜೀವಂತ ಸಿಕ್ಕಿದ್ರೂ ಸುಡೋದೇ."

ಜೂನ್ 27
ಮ್ಯೂಸಿಯಮ್ಮಿನಲ್ಲಿ ಸಾಹೇಬರ ಎದುರೇ ಬಿಳಿ ಹಾಳೆ ಹರಡಿ ಗರಿ ಕೊಡವಿದೆ. ನಾದಿನಿ ಟಾರ್ಚ್ ಹಿಡಿದಳು. ಅಕ್ಕಿನುಚ್ಚಿನಂತೆ ಉದುರಿದವು ಹುಳುಗಳು. ಬ್ರಷ್ಷಿನ ತುದಿಯಿಂದ ತಟ್ಟಿದೆ. ಒಂದೂ ಮಿಸುಕಲಿಲ್ಲ.
"ಪಾಪ, ಇವುಗಳ ವಂಶಾನೂ ಮುಗೀತು. ಇದಕ್ಕೂ ಒಂದು ಕಾರ್ಡು ಬರೀರಿ ಅತ್ತಿಗೆ."
ಸಾಹೇಬರೂ ನಕ್ಕರು. ಡೋಡೋ ಪೀಠವೇರಿತು. ನಾದಿನಿ ನನ್ನ ಸ್ವೆಟರಿನಲ್ಲೇ ಅದರ ಹೆಗಲಿಗೆ ತೋಳು ಹಾಕಿ ಫೋಟೋ ತೆಗೆಸಿಕೊಂಡಳು.
ಮನೆಗೆ ಬಂದು ಸ್ವೆಟರ್ ವಾಪಸು ಕೊಟ್ಟಳು. ಈಗ ಮಡಿಸಲು ಹೋದರೆ — ಡೋಡೋ ಹೆಗಲಿಗೆ ಹಾಕಿದ್ದ ಅದೇ ತೋಳಿನಲ್ಲಿ ಸಣ್ಣದೊಂದು ತೂತು. ತೂತಿನ ಅಂಚಿನಲ್ಲಿ ಬೆಳ್ಳಗೆ ಏನೋ ಮಿಸು—