ಗೋಡೆಗೆ ತೂಗಿದ ಇ-ಮೇಲ್

ಇಳಕಲ್ಲು, ಶುಕ್ರವಾರ

ಫಕ್ರುಸಾಬ,

ಇದನ್ನು ಮಗಳು ಮುಮ್ತಾಜಳ ಕೈಯಲ್ಲಿ ಓದಿಸು. ಈ ಸಲ ಅವಳು ಎಲ್ಲಿಯೂ ಉಸಿರು ಹಿಡಿದು ಓದಬೇಕಾಗಿಲ್ಲ. ಮೊದಲೇ ಹೇಳಿಬಿಡುತ್ತೇನೆ: ನಿನ್ನನ್ನು ಕೆಲಸದಿಂದ ತೆಗೆದಿದ್ದಾರೆ. ತೆಗೆದ ಮೇಲ್ ಬರೆದವನು ನಾನು. ನೀನು ಫ್ರೇಮ್ ಹಾಕಿಸಿ ಪಡಸಾಲೆಯ ಗೋಡೆಗೆ ತೂಗಿದ್ದೀಯಲ್ಲ, ಅದೇ ಅದು.

ನಿನ್ನೆ ಗೇಟಿನಲ್ಲಿ ವಾಚಮನ್ ಅಂದಾನಪ್ಪ ನಿನ್ನನ್ನು ತಡೆದದ್ದನ್ನು ಆಫೀಸಿನ ಕಿಟಕಿಯಿಂದ ನೋಡಿದೆ. "ನಿಮ್ಮ ಹೆಸರು ಹಾಜರಿ ಬುಕ್ಕಿನ್ಯಾಗ ಇಲ್ಲರಿ" ಎಂದ ಅವನು. ನೀನು ನಕ್ಕೆ. "ರಜಾ ಮುಗಿಸಿ ಬಂದೇನೋ ಮಾರಾಯಾ. ನಮ್ಮ ನಾಗಲಿಂಗನ್ನ ಕೇಳು, ಅವನೇ ಬರದಾನ" ಎಂದೆ. ನಾನು ಪರದೆ ಎಳೆದುಕೊಂಡೆ.

ನನ್ನ ಭಾಷೆ ಎಲ್ಲಿಂದ ಬಂತೆಂದು ನಿನಗೆ ಗೊತ್ತು. ಹುನಗುಂದದ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ಲಗ್ನಪತ್ರಿಕೆ, ಮಾನಪತ್ರ ಜೋಡಿಸಿದವನು ನಾನು. ಗ್ರಾನೈಟ್ ಕಾರ್ಖಾನೆಯ ಆಫೀಸಿಗೆ ಬಂದಾಗ ನನ್ನ ಬಳಿ ಇದ್ದ ಸರಕು ಅದೊಂದೇ. ನೀರಿನ ಟಾಕಿ ತೊಳೆಯುವವನು ಬಂದಿಲ್ಲ ಎಂಬುದಕ್ಕೆ "ಜಲಾಗಾರದ ಶುದ್ಧೀಕರಣ ಕೈಂಕರ್ಯವು ಅನಿವಾರ್ಯವಾಗಿ ಮುಂದೂಡಲ್ಪಟ್ಟಿದೆ" ಎಂದು ಎಲ್ಲರಿಗೂ ಮೇಲ್ ಹಾಕಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಮ್ಯಾನೇಜರ್ ರಾಜಕುಮಾರ ಮಾತ್ರ ನಗಲಿಲ್ಲ. ಅವನಿಗೆ ಅದರ ಉಪಯೋಗ ಕಂಡಿತ್ತು. "ನಾಗಲಿಂಗಣ್ಣ, ನಿಮ್ಮ ಮೇಲ್ ಓದಿದ್ರ ಬೈಸಿಕೊಂಡವ್ರೂ ಥ್ಯಾಂಕ್ಸ್ ಹೇಳ್ತಾರ್ರಿ" ಎಂದ. ನಾನು ಉಬ್ಬಿದೆ. ಅಂದಿನಿಂದ ಮಾಲು ತಡವಾದರೂ, ಕಲ್ಲು ಸೀಳಿದರೂ, ರಜೆ ಕೊಡದಿದ್ದರೂ ಮಾನಪತ್ರವೇ. ಕೇಳಿದವರು ಏನು ಸಿಗಲಿಲ್ಲವೆಂದು ತಿಳಿಯದೆಯೇ ಕೈಮುಗಿದು ಹೋಗುತ್ತಿದ್ದರು.

ಆಮೇಲೆ ನೀನು ಕ್ರೇನಿನ ತಂತಿ ಹಗ್ಗ ಎಳೆ ಬಿಟ್ಟಿದೆ, ಬದಲಿಸುವ ತನಕ ಕಲ್ಲಿನ ಬ್ಲಾಕ್ ಎತ್ತುವುದಿಲ್ಲ ಎಂದು ಕೂತೆ. ಎರಡು ದಿನ ಕಟಿಂಗ್ ಮಷೀನು ಖಾಲಿ ನಿಂತಿತು. ಮೂರನೆಯ ದಿನ ರಾಜಕುಮಾರ ನನಗೊಂದು ಮೇಲ್ ಹಾಕಿದ. ಅದನ್ನು ಇದ್ದಂತೆಯೇ ಇಳಿಸುತ್ತೇನೆ: "ಫಕ್ರುಸಾಬ ಹಗ್ಗದ ಮಾತು ಬಿಡವಲ್ಲ. ತೆಗೀರಿ. ಸಿಟ್ಟು ಬರದಂಗ ಬರೀರಿ." ಇಡೀ ಕಾರ್ಖಾನೆಯಲ್ಲಿ ನೆಟ್ಟಗೆ ಬರೆಯಬಲ್ಲವನು ಅವನೊಬ್ಬನೇ.

ನಾನು ಬರೆದೆ. "ಬೃಹತ್ ಶಿಲೆಗಳನ್ನು ಹೂವಿನಂತೆ ಎತ್ತಿಳಿಸಿದ ತಮ್ಮ ಕರಕಮಲಗಳಿಗೆ ಇನ್ನು ವಿಶ್ರಾಂತಿಯ ಭಾಗ್ಯವು ಒದಗಲೆಂದು ಸಂಸ್ಥೆಯು ತುಂಬು ಮನದಿಂದ ಹಾರೈಸುತ್ತದೆ." ಇವತ್ತು ಕೂತು ಲೆಕ್ಕ ಹಾಕಿದೆ. ಒಟ್ಟು ಇನ್ನೂರ ಹದಿನಾಲ್ಕು ಪದ. ಅದರಲ್ಲಿ "ತಮ್ಮ" ಹತ್ತೊಂಬತ್ತು ಸಲ, "ಹೃದಯ" ನಾಲ್ಕು ಸಲ. "ಕೆಲಸದಿಂದ ತೆಗೆದಿದೆ" ಎಂಬುದು ಒಂದು ಸಲವೂ ಇಲ್ಲ. ಕೊನೆಯಲ್ಲಿ, ಯಾರೂ ಮುಟ್ಟದ ಜಾಗದಲ್ಲಿ, "ತಮ್ಮ ಅಂತರಂಗದ ನುಡಿಗಳೇನಾದರೂ ಇದ್ದಲ್ಲಿ ಹದಿನೈದು ದಿನಗಳೊಳಗೆ ಅರುಹುವುದು" ಎಂದಿದೆ. ತಕರಾರು ಇದ್ದರೆ ಹೇಳು ಎಂದು ಅದರ ಅರ್ಥ. ನೀನು ರಜೆಯೆಂದು ಎಣಿಸಿದ ಆ ಹದಿನೈದು ದಿನ ಮೊನ್ನೆ ಮುಗಿದವು.

ಮುಮ್ತಾಜ ಅದನ್ನು ಓಣಿಗೆಲ್ಲ ಕೇಳುವಂತೆ ಓದಿದಳಂತೆ. ಪಕ್ಕದ ಮನೆಯ ಶಿವಬಸವ್ವ ನೆಟಿಗೆ ಮುರಿದು ನಿನ್ನ ದೃಷ್ಟಿ ತೆಗೆದಳಂತೆ. ಎರಡನೆಯ ದಿನ ನೀನು ಅಮೀನಗಡದ ಕರದಂಟಿನ ಡಬ್ಬಿ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದೆ. "ನಾಗ್ಯಾ, ಇಪ್ಪತ್ತೆರಡು ವರ್ಷ ಕಲ್ಲು ಎತ್ತೇನಿ, ನನ್ನ ಕೈಗೆ ಯಾರೂ ಕಮಲ ಅಂದಿದ್ದಿಲ್ಲ ಲೇ. ಬಾಯಿ ತಗಿ." ಗ್ರೀಸು ಹತ್ತಿದ ಅದೇ ಕೈಯಿಂದ ತಿನ್ನಿಸಿದೆ. ನಾನು ಜಗಿದೆ. ಆಗಿನ್ನೂ ಹದಿಮೂರು ದಿನ ಕೈಯಲ್ಲಿದ್ದವು. ಸತ್ಯ ಹೇಳಲು ಮೂರು ಪದ ಸಾಕಿತ್ತು. ಬಾಯಿ ತುಂಬಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಆ ಅಂಟು ಇನ್ನೂ ಹಲ್ಲು ಬಿಟ್ಟಿಲ್ಲ.

ಇವತ್ತು ರಾಜಕುಮಾರ ಬಂದು ನನ್ನ ಕುರ್ಚಿಯ ಹಿಂದೆ ನಿಂತ. "ಹದಿನೈದು ದಿನ ಆತರಿ. ಅವ್ರ ಒಪ್ಪಿಗಿ ಐತಿ ಅಂತ ಒಂದು ಚಂದದ ಧನ್ಯವಾದ ಬರದ ಬಿಡ್ರಿ." ಕೀಬೋರ್ಡಿನ ಮೇಲೆ ಬೆರಳಿಟ್ಟೆ. ಕೇಳದೆಯೇ "ಮಾನ್ಯರೇ, ತಮ್ಮ ಔದಾರ್ಯದ" ಎಂದು ತಾನಾಗಿ ಇಳಿಯಿತು. ಹೇಸಿ ಅಷ್ಟನ್ನೂ ಅಳಿಸಿದೆ. ಅವನ ಮೇಲೆ ಅಷ್ಟು ಹೇಸಿಗೆ ಇಲ್ಲ ಫಕ್ರು. ಅವನು ಎಂಥವನೆಂದು ನೋಡಿದ ಕೂಡಲೇ ತಿಳಿಯುತ್ತದೆ. ಹೇಸಿಗೆ ಈ ಬೆರಳುಗಳ ಮೇಲೆ, ಹೊಲಸಿನ ಮೇಲೆ ಮಲ್ಲಿಗೆ ಸುರಿದು ಅದನ್ನು ಕಸುಬು ಎಂದುಕೊಂಡದ್ದಕ್ಕೆ. ಧನ್ಯವಾದ ಬರೆಯಲಿಲ್ಲ. ಬದಲಿಗೆ ಅವನ ಆ ಮೇಲನ್ನು ಪ್ರಿಂಟ್ ತೆಗೆದು ಕಿಸೆಗೆ ಹಾಕಿಕೊಂಡೆ. ಈ ಕಾಗದದ ಜೊತೆ ಅದೂ ಇದೆ. ಜೋಪಾನ.

ಸೋಮವಾರ ಬೆಳಗ್ಗೆ ಏಳೂವರೆಗೆ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ. ಬಾಗಲಕೋಟೆಯ ಕಾರ್ಮಿಕ ಕಚೇರಿಗೆ ಹೋಗೋಣ. ದಿನ ಮೀರಿತಲ್ಲ ಎಂದು ಅವರು ಕೇಳಿದರೆ, ಓದಿದವನಿಗೆ ತಿಳಿಯಬಾರದೆಂದೇ ಬರೆದೆ ಎಂದು ನಾನೇ ಹೇಳುತ್ತೇನೆ. ಅದು ಹೇಳಿದ ಮೇಲೆ ನನ್ನ ಕುರ್ಚಿಯೂ ಉಳಿಯುವುದಿಲ್ಲ; ಗೊತ್ತಿದ್ದೇ ಹೊರಟಿದ್ದೇನೆ. ನೀನು ನನ್ನ ಪಕ್ಕದ ಸೀಟಿನಲ್ಲಿ ಕೂಡಬೇಕೆಂದಿಲ್ಲ. ಮಾತಾಡಬೇಕೆಂದೂ ಇಲ್ಲ.

ಫ್ರೇಮ್ ಒಡೆಯಬೇಡ. ಸಿಟ್ಟು ಬರುತ್ತದೆ, ಬಂದರೂ ಒಡೆಯಬೇಡ. ಗೋಡೆಯಿಂದ ಇಳಿಸಿ, ಗಾಜು ಸಮೇತ ತಾ. ಕೆಲಸ ಹೋದ ಕಾಗದವೆಂದು ತಿಳಿದವನು ಅದಕ್ಕೆ ಫ್ರೇಮ್ ಹಾಕಿಸುವುದಿಲ್ಲ ಎಂದು ಯಾವ ಅಧಿಕಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಹಗ್ಗ ಇನ್ನೂ ಕ್ರೇನಿನಲ್ಲೇ ಇದೆ. ನೀನು ಮತ್ತೆ ಕ್ರೇನು ಹತ್ತುವ ದಿನ ಹೊಸ ಹಗ್ಗ ಇರಲಿ, ಅದರ ಕೆಳಗೆ ಓಡಾಡುವವರೆಲ್ಲ ಸಂಜೆ ಮನೆ ಮುಟ್ಟಲಿ.

ನಾಗಲಿಂಗ