ಮುನಿಲಕ್ಷ್ಮಿಯ ಪ್ರಶ್ನೆ

೧೮ ಅಕ್ಟೋಬರ್ ೧೯೮೬, ಶನಿವಾರ

ಆ ಚಪ್ಪಾಳೆ ಇನ್ನೂ ಕಿವಿಯಿಂದ ಹೋಗಿಲ್ಲ.

ಜಯನಗರದ ವಿದ್ಯಾರ್ಥಿ ಕಂಪ್ಯೂಟರ್ ಸಮ್ಮೇಳನ. ಭಾಷಣಗಳು ಮೈ ಜುಮ್ಮೆನ್ನಿಸಿದವು. ಕೊನೆಗೆ ಪಕ್ಕದಲ್ಲಿದ್ದ ಸಹಪಾಠಿ ಮುನಿಲಕ್ಷ್ಮಿ ಪಿಸುಗುಟ್ಟಿದಳು: “ಪ್ರೋಗ್ರಾಂ ಬರ್ದೋರು ಕೆಲ್ಸ ಬಿಟ್ಟೋದ್ರೆ, ಆಮೇಲೆ ಅದನ್ನ ತಿದ್ದೋರಿಗೆ ಹೆಂಗೆ ಅರ್ಥ ಆಗುತ್ತೆ? ನಂಗೆ ಇಂಗ್ಲಿಷಲ್ಲಿ ಕೇಳಕ್ಕೆ ಭಯ. ನೀನೇ ಕೇಳೇ.”

ಕೇಳಿದೆ. ಭಾಷಣಕಾರರು, “ಇವತ್ತಿನ ಅತ್ಯುತ್ತಮ ಪ್ರಶ್ನೆ. ನಿಮ್ಮ ಹೆಸರು?” ಎಂದರು. ನನ್ನ ಹೆಸರು ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು.

ಬನಶಂಕರಿ ಬಸ್ಸಿನಲ್ಲಿ ಅವಳೇ ಹೊಗಳಿದಳು: “ಸಖತ್ತಾಗ್ ಕೇಳ್ದೆ ಕಣೇ!”

ಅನುವಾದಿತ ಕಾದಂಬರಿಯಲ್ಲಿ ಅನುವಾದಕರ ಹೆಸರಿಲ್ಲದಿದ್ದರೆ ಸಿಡುಕುವವಳು ನಾನು. ಇವತ್ತು ಅನುವಾದಕಿಯೇ ಮೂಲ ಲೇಖಕಿಯ ಹೆಸರನ್ನು ನುಂಗಿದಳು.

ಸೋಮವಾರ ತರಗತಿಯಲ್ಲಿ ಎದ್ದು ನಿಂತು ನಿಜ ಹೇಳುತ್ತೇನೆ. ಮೊದಲು ಅವಳನ್ನು ಕೇಳಬೇಕು. “ಅಯ್ಯೋ, ಬಿಡೇ” ಎಂದು ಅವಳು ಅಂದುಬಿಡಲಿ ಎಂದು ಈಗಲೇ ಒಳಗೊಳಗೇ ಆಸೆಪಡುತ್ತಿದ್ದೇನೆ.